ಹನೋಯಿಯಲ್ಲಿ ಒಂದು ಲೋಟ ರೊಬಸ್ಟಾ

ನಮಸ್ಕಾರ. ಪ್ರವಾಸದ ನಡುವೆ ವಿಯೆಟ್ನಾಂನ ರಾಜಧಾನಿ ಹನೋಯಿಗೆ ಬಂದಿದ್ದೇನೆ. ಕೊಡಗಿನ ಪಾಲಿಬೆಟ್ಟದಲ್ಲಿ ನನ್ನೊಡನೆ ಶಾಲೆಗೆ ಬರುತ್ತಿದ್ದ ಗೆಳತಿ ಈಗ ಇಲ್ಲಿ ಕೆಲಸದಲ್ಲಿದ್ದಾಳೆ. ಅವಳಿಲ್ಲದಿದ್ದರೂ ಈ ದೇಶವನ್ನು ನಾನು ಒಮ್ಮೆ ನೋಡಲೇಬೇಕಿತ್ತು. ಏಕೆಂದರೆ ಕೊಡಗಿನಲ್ಲಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಚೀಲದ ದರ ಏರಿದರೂ ಇಳಿದರೂ ಮೊದಲು ಕೇಳಿಬರುವ ಹೆಸರು ವಿಯೆಟ್ನಾಂ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಎಂಬ ಕಹಿ ಜಾತಿಯ ಕಾಫಿ ಬೆಳೆಯುವ ದೇಶವಿದು. 2024ರಲ್ಲಿ ಇಲ್ಲಿನ ತೋಟಗಳು ಬರಕ್ಕೆ ಸಿಕ್ಕಾಗ ನಮ್ಮಲ್ಲಿ ಬೆಲೆ ಗಗನಕ್ಕೇರಿದ್ದು ಬೆಳೆಗಾರರಾರೂ ಮರೆತಿರಲಾರರು.

ಈಗ ನೀವು ನೋಡುತ್ತಿರುವುದು ಹೋನ್ ಕೀಮ್ ಕೆರೆ. ನೀರಿನ ನಡುವೆ ಕಾಣುವುದು ಆಮೆ ಗೋಪುರ. ವಾರಾಂತ್ಯದಲ್ಲಿ ಸುತ್ತಲಿನ ರಸ್ತೆಗಳಿಗೆ ವಾಹನಗಳನ್ನು ಬಿಡುವುದಿಲ್ಲವಾದರೂ ಉಳಿದ ದಿನಗಳಲ್ಲಿ ಸ್ಕೂಟರುಗಳ ಪ್ರವಾಹವನ್ನು ದಾಟುವುದೇ ಒಂದು ವಿದ್ಯೆ. “ಓಡಬೇಡ, ನಿಲ್ಲಲೂ ಬೇಡ, ಒಂದೇ ಹದದಲ್ಲಿ ನಡಿ, ಅವರೇ ತಪ್ಪಿಸಿಕೊಂಡು ಹೋಗ್ತಾರೆ” ಎಂದು ಗೆಳತಿ ನನ್ನ ತೋಳು ಹಿಡಿದು ನಡೆಸಿದಳು. ತೋಟದಲ್ಲಿ ಕಾಡಾನೆ ಎದುರಾಗುವ ಊರಿನವಳು ಸ್ಕೂಟರಿಗೆ ಹೆದರುವುದೇ ಎಂದು ನಕ್ಕಳು ಕೂಡ.

ಅವಳು ಕರೆದುಕೊಂಡು ಹೋದದ್ದು ಹಳೆಯ ಪೇಟೆಯ ಕೆಫೆ ಜಾಂಗ್‌ಗೆ. 1946ರಲ್ಲಿ, ಹಾಲಿಗೆ ಅಭಾವವಿದ್ದ ಕಾಲದಲ್ಲಿ, ಮೆಟ್ರೋಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬವರು ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಗೆ ಹಾಲಿನ ಬದಲಿಗೆ ಬಳಸಿದರು. ಈ ಕೆಫೆ ಅವರ ಮನೆತನದ್ದೇ. ಬಿಸಿನೀರಿನ ಬಟ್ಟಲೊಳಗೆ ಕೂರಿಸಿ ತಂದುಕೊಟ್ಟ ಪುಟ್ಟ ಕಪ್ಪಿನಲ್ಲಿ ಮೇಲೆ ಎರಡು ಬೆರಳು ದಪ್ಪದ ಹಳದಿ ನೊರೆ, ಅಡಿಯಲ್ಲಿ ಕಪ್ಪಗಿನ ಗಟ್ಟಿ ಡಿಕಾಕ್ಷನ್. ಮೊಟ್ಟೆಯ ವಾಸನೆ ಬರಬಹುದೆಂದು ಅಂಜುತ್ತಲೇ ಚಮಚ ಹಾಕಿದೆ. ಬಂದದ್ದು ಕಂಡೆನ್ಸ್ಡ್ ಹಾಲಿನ ಸಿಹಿ, ಅದರ ಹಿಂದೆಯೇ ನಾಲಿಗೆಯ ಬುಡಕ್ಕೆ ತಾಗುವ ರೊಬಸ್ಟಾದ ಕಹಿ. ಆ ಕಹಿಯಿಲ್ಲದಿದ್ದರೆ ಇದು ಬರಿಯ ಮಿಠಾಯಿಯಾಗುತ್ತಿತ್ತು.

ಇಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎನ್ನಬೇಕು. ನಮ್ಮಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಕಪಾತಿನಿಂದ ಹಿಡಿದು ಕಣದಲ್ಲಿ ಒಣಗಿಸುವವರೆಗೆ ರೊಬಸ್ಟಾಗೆ ಇಷ್ಟು ದುಡಿಯುತ್ತೇವೆ, ಆದರೆ ಅತಿಥಿಗಳ ಮುಂದೆ ಇನ್ನೊಂದು ಜಾತಿಯ ಕಾಫಿಯಾದ ಅರೇಬಿಕಾವನ್ನೇ ಹೊಗಳುತ್ತೇವೆ. ಬೆಲ್ಲದ ಕಾಫಿಯನ್ನು ಬಿಟ್ಟರೆ ಆ ಕಹಿಗೆ ತಕ್ಕ ಜೊತೆಯನ್ನು ನಾವು ಹುಡುಕಿದ್ದು ಕಡಿಮೆ. ಇಲ್ಲಿ ಬೀದಿಬದಿಯ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕುಳಿತ ಕೂಲಿಯಾಳೂ ಲೋಟದ ಮೇಲಿಟ್ಟ ಫಿನ್ ಎಂಬ ಪುಟ್ಟ ಫಿಲ್ಟರಿನಿಂದ ಹನಿಹನಿಯಾಗಿ ಇಳಿಯುವ ರೊಬಸ್ಟಾವನ್ನೇ ಕಾಯುತ್ತಾನೆ.

ಗೆಳತಿ ಮಾತ್ರ ಈ ವಾದವನ್ನು ಪೂರ್ತಿ ಒಪ್ಪಲಿಲ್ಲ. ಮನೆಯಲ್ಲಿ ಅವಳು ಕುಡಿಯುವುದು ತಾಯಿ ಕಳುಹಿಸಿದ ಚಿಕೋರಿ ಬೆರೆತ ಪುಡಿಯನ್ನೇ. ಕಾಫಿ ಬೆಳೆಯುವುದು ಹನೋಯಿಯಲ್ಲಲ್ಲ, ದಕ್ಷಿಣಕ್ಕಿರುವ ಮಧ್ಯದ ಎತ್ತರ ಪ್ರದೇಶದಲ್ಲಿ. ಅವಳಿಗೆ ರಜೆ ಸಿಕ್ಕಿರುವುದರಿಂದ ನಾಳೆ ಇಬ್ಬರೂ ಅಲ್ಲಿನ ಬುವೋನ್ ಮಾ ಥೂಟ್‌ಗೆ ಹೊರಟಿದ್ದೇವೆ. ನೆರಳು ಕಡಿಮೆಯಿರುವ ಅಲ್ಲಿನ ಕಾಫಿ ತೋಟಗಳನ್ನೂ ಕಾಂಕ್ರೀಟ್ ಕಂಬಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳನ್ನೂ ಮುಂದಿನ ಭಾಗದಲ್ಲಿ ತೋರಿಸುತ್ತೇನೆ.