ರಾಣಿಗಂಜ್ ಗಣಿಗೆ ದುಡ್ಡು ಹಾಕಿದವರು ಯಾರು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ವಾಣಿಜ್ಯ ಓದಿದವರು, ಇಲ್ಲವೇ ಓದಿಸುವವರು. ಹಾಗಾಗಿ ಷೇರು ಅಂದರೇನು, ಸಾಲಪತ್ರ ಅಂದರೇನು ಅನ್ನೋದರಿಂದ ಶುರು ಮಾಡುವುದಿಲ್ಲ. ನೇರವಾಗಿ ಒಂದು ಮಾತಿನ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಭಾರತದ ಬಂಡವಾಳ ಅಂಜುಬುರುಕ, ನಮ್ಮವರು ದುಡ್ಡು ಬಂದರೆ ಚಿನ್ನ ಮಾಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು, ಇಲ್ಲಾಂದ್ರೆ ಜಮೀನು ಕೊಳ್ಳುತ್ತಿದ್ದರು, ಧೈರ್ಯ ಮಾಡಿ ಗಣಿ ತೋಡಿದವರು ರೈಲು ಹಾಕಿದವರು ಇಂಗ್ಲಿಷರು. ಬ್ರಿಟಿಷ್ ಅಧಿಕಾರಿಗಳು ಇದನ್ನು ಹೇಳಿ ಹೇಳಿ ಗಟ್ಟಿ ಮಾಡಿದರು. ಇವತ್ತು ಬೆಳಿಗ್ಗೆ ಇದೇ ವೇದಿಕೆಯಲ್ಲಿ ಇನ್ನೊಮ್ಮೆ ಕೇಳಿದೆವು. ನನಗೆ ಈ ಮಾತು ಕೇಳಿದಾಗಲೆಲ್ಲ ನಿಜಕ್ಕೂ ಸಂಕಟವಾಗುತ್ತದೆ. ಯಾಕೆಂದರೆ ಕಲ್ಲಿದ್ದಲಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ ಇದೆ.

ಬಂಗಾಳಕ್ಕೆ ಹೋಗೋಣ. 1774ರಲ್ಲಿ ಸಮ್ನರ್ ಮತ್ತು ಹೀಟ್ಲಿ ಎಂಬ ಇಬ್ಬರು ಈಸ್ಟ್ ಇಂಡಿಯಾ ಕಂಪನಿಯ ನೌಕರರು ವಾರನ್ ಹೇಸ್ಟಿಂಗ್ಸ್ ಬಳಿ ಕಲ್ಲಿದ್ದಲು ತೆಗೆಯೋಕೆ ಪರವಾನಗಿ ಕೇಳಿದರು. ಸಿಕ್ಕಿತು. ಕಲ್ಲಿದ್ದಲೂ ಸಿಕ್ಕಿತು. ಆದರೆ ಸರ್ಕಾರ ಅದನ್ನು ಪರೀಕ್ಷೆ ಮಾಡಿಸಿ, ಇಂಗ್ಲೆಂಡಿನ ಕಲ್ಲಿದ್ದಲಿನಷ್ಟು ಕಾವು ಇದಕ್ಕಿಲ್ಲ ಅಂದುಬಿಟ್ಟಿತು. ಕೊಳ್ಳುವವರಿಲ್ಲದೆ ಕೆಲಸ ನಿಂತಿತು. ನಲವತ್ತು ವರ್ಷ ಆ ಕಡೆ ಹೆಚ್ಚು ಯಾರೂ ತಿರುಗಿ ನೋಡಲಿಲ್ಲ. ಇಂಗ್ಲಿಷ್ ಧೈರ್ಯ ಆಗ ಎಲ್ಲಿತ್ತು? ಸುಮ್ನೆ ಕೇಳುತ್ತಿದ್ದೇನೆ. ಅವರನ್ನೂ ನಾನು ಅಂಜುಬುರುಕರು ಅನ್ನುವುದಿಲ್ಲ. ಗಿರಾಕಿ ಇಲ್ಲದ ಸರಕಿಗೆ ದುಡ್ಡು ಹಾಕದವನು ಲೆಕ್ಕ ಬಲ್ಲವನು.

ಆಮೇಲೆ ವಿಲಿಯಂ ಜೋನ್ಸ್ ಬಂದ. ಕಲ್ಕತ್ತೆಯ ಜನ ಅವನನ್ನು ‘ಗುರು ಜೋನ್ಸ್’ ಎನ್ನುತ್ತಿದ್ದರು. ರಾಣಿಗಂಜ್‌ನಲ್ಲಿ ಗಣಿ ಶುರು ಮಾಡೋಕೆ ಅವನಿಗೆ ಬಂಡವಾಳ ಕೊಟ್ಟಿದ್ದು ಸರ್ಕಾರವೇ. 40,000 ರೂಪಾಯಿ ಸಾಲ. ತೀರಿಸಲಾಗಲಿಲ್ಲ. ಜಾಮೀನು ನಿಂತಿದ್ದ ಅಲೆಕ್ಸಾಂಡರ್ ಕಂಪನಿಯ ಕೈಗೆ ಗಣಿ ಹೋಯಿತು. ಆ ಕಂಪನಿಯೂ 1832ರಲ್ಲಿ ದಿವಾಳಿ ಎದ್ದಿತು. ಗಣಿ ಮಾರಾಟಕ್ಕೆ ಬಂತು. 1836ರಲ್ಲಿ ಅದನ್ನು 70,000 ರೂಪಾಯಿಗೆ ಕೊಂಡವರು ದ್ವಾರಕಾನಾಥ ಠಾಕೂರರು. ರವೀಂದ್ರನಾಥರ ಅಜ್ಜ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಭಾಗ ನನಗೆ ತುಂಬಾ ಇಷ್ಟ. ಸರ್ಕಾರದ ಸಾಲ ಪಡೆದವನು ಸೋತ ಗಣಿ, ಕಲ್ಕತ್ತೆಯ ದೊಡ್ಡ ಯುರೋಪಿಯನ್ ಸಂಸ್ಥೆ ಮುಳುಗಿದಾಗ ಅನಾಥವಾದ ಗಣಿ. ಅದಕ್ಕೆ ಒಬ್ಬ ಬಂಗಾಳಿ 70,000 ಸುರಿಯುತ್ತಾರೆ. ಬರೀ ಧೈರ್ಯದಿಂದ ಸುರಿದದ್ದಲ್ಲ. ದ್ವಾರಕಾನಾಥರು ಉಪ್ಪು-ಅಫೀಮು ಮಂಡಳಿಯಲ್ಲಿ ದಿವಾನರಾಗಿದ್ದವರು. 1834ರಲ್ಲಿ ಆ ಕೆಲಸ ಬಿಟ್ಟು ವಿಲಿಯಂ ಕಾರ್ ಜೊತೆ ಕಾರ್, ಟ್ಯಾಗೋರ್ ಕಂಪನಿ ಶುರು ಮಾಡಿದ್ದರು. 1829ರಲ್ಲಿ ಹುಟ್ಟಿದ ಯೂನಿಯನ್ ಬ್ಯಾಂಕಿನ ಹಿಂದೆಯೂ ಅವರೇ ಇದ್ದರು. ಅಷ್ಟರಲ್ಲಿ ಹೂಗ್ಲಿ ನದಿಗೆ ಆವಿಯ ದೋಣಿ ಬಂದಿತ್ತು. ಸಮುದ್ರದಿಂದ ಬರುವ ಹಾಯಿಹಡಗನ್ನು ಕಲ್ಕತ್ತೆವರೆಗೆ ಎಳೆದು ತರೋಕೆ ಆವಿಯ ಟಗ್ ದೋಣಿ ಬೇಕು. ಟಗ್‌ಗೆ ಕಲ್ಲಿದ್ದಲು ಬೇಕು. ಗಣಿ ಕೊಂಡ ಅದೇ 1836ರಲ್ಲಿ ಇವರ ಕಂಪನಿ ಕಲ್ಕತ್ತಾ ಸ್ಟೀಮ್ ಟಗ್ ಅಸೋಸಿಯೇಷನ್ ಎಂಬ ಷೇರು ಸಂಸ್ಥೆಯನ್ನು ಕಟ್ಟಿ, ಅದರ ಆಡಳಿತವನ್ನು ತಾನೇ ಇಟ್ಟುಕೊಂಡಿತು. ಏನಾಯಿತು ನೋಡಿ. ಗಣಿ ಇವರದು. ಕಲ್ಲಿದ್ದಲು ಕೊಳ್ಳುವ ಟಗ್ ಸಂಸ್ಥೆ ಇವರ ಕೈಯಲ್ಲಿ. ಟಗ್ ಸಂಸ್ಥೆಯ ಷೇರಿಗೆ ದುಡ್ಡು ಕೊಟ್ಟವರು ಕಲ್ಕತ್ತೆಯ ಇತರ ವ್ಯಾಪಾರಿಗಳು. ಅಂದರೆ ಬೇರೆಯವರ ಬಂಡವಾಳದಿಂದ ತಮ್ಮ ಗಣಿಗೆ ಗಿರಾಕಿ ಹುಟ್ಟಿಸಿದರು. ಮೊದಲು ಗಿರಾಕಿ, ಆಮೇಲೆ ಬಂಡವಾಳ. ಇವತ್ತು ಹೂಡಿಕೆದಾರರ ಮುಂದೆ ಸ್ಲೈಡ್ ಹಿಡಿದು ನಿಲ್ಲುವ ನಮ್ಮ ಹುಡುಗ ಹುಡುಗಿಯರು ಈ ಕ್ರಮವನ್ನು ಒಂದ್ಸಲ ನೋಡಿಕೊಳ್ಳಲಿ.

ಗಣಿಗೆ ಅಷ್ಟೊಂದು ದುಡ್ಡು ಯಾಕೆ ಬೇಕಿತ್ತು? ದೊಡ್ಡ ದೊಡ್ಡ ಯಂತ್ರಕ್ಕೆ ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ರಾಣಿಗಂಜ್ ಕಡೆ ಕಲ್ಲಿದ್ದಲಿನ ಪದರ ನೆಲಕ್ಕೆ ಹತ್ತಿರವೇ ಇತ್ತು. ಗುದ್ದಲಿಯಲ್ಲಿ ಕಡಿದು, ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಹೊತ್ತವರು ಆ ಕಡೆಯ ಬಾವುರಿ, ಸಂತಾಲ ಸಮುದಾಯದ ಜನ. ಗಂಡ ಕಡಿದರೆ ಹೆಂಡತಿ ಹೊರುತ್ತಿದ್ದಳು. ದುಡ್ಡು ಕಟ್ಟಿಹೋಗುತ್ತಿದ್ದದ್ದು ದಾಮೋದರ ನದಿಯ ದಡದಲ್ಲಿ.

ದಾಮೋದರ ವರ್ಷದ ಹೆಚ್ಚಿನ ಕಾಲ ಮರಳಿನ ಹಾಸು. ಮಳೆಗಾಲದಲ್ಲಿ ಮಾತ್ರ ದೋಣಿ ಸಾಗುವಷ್ಟು ನೀರು. ವರ್ಷವಿಡೀ ಕಡಿದ ಕಲ್ಲಿದ್ದಲನ್ನು ಘಾಟಿನಲ್ಲಿ, ಅಂದರೆ ದೋಣಿಗೆ ತುಂಬುವ ದಡದಲ್ಲಿ, ರಾಶಿ ಹಾಕಿ ಕಾಯಬೇಕು. ಕೂಲಿ ಅವತ್ತವತ್ತೇ ಕೊಡಬೇಕು. ದೋಣಿಯವರಿಗೆ ಮುಂಗಡ ಕೊಟ್ಟು ಹಿಡಿದಿಡಬೇಕು, ಇಲ್ಲದಿದ್ದರೆ ಮಳೆ ಬಂದ ದಿನ ಅವರು ಪಕ್ಕದ ಗಣಿಯವನಿಗೆ ಹೋಗುತ್ತಾರೆ. ರಾಶಿ ಬಿಸಿಲಿಗೆ ಬಿರಿದು ಪುಡಿಯಾಗುತ್ತದೆ, ಪುಡಿಗೆ ಬೆಲೆ ಕಡಿಮೆ. ನೀರು ಏರಿದೊಡನೆ ಎಲ್ಲರೂ ಒಟ್ಟಿಗೆ ತುಂಬಿಸಬೇಕು. ದಾರಿಯಲ್ಲಿ ಕೆಲವು ದೋಣಿ ಮುಳುಗುತ್ತವೆ. ಉಳಿದವು ಆಮ್ತಾ ತಲುಪಿ ಅಲ್ಲಿಯ ದಾಸ್ತಾನಿಗೆ ಸುರಿಯುತ್ತವೆ. ಅಲ್ಲಿಂದ ಕಲ್ಕತ್ತೆಗೆ. ಆಮೇಲೆ ತಾನೇ ಬಿಲ್ಲು, ಆಮೇಲೆ ತಾನೇ ವಸೂಲಿ. ಒಂದು ವರ್ಷ ಮಳೆ ಕೈಕೊಟ್ಟರೆ ಎರಡು ವರ್ಷದ ಸರಕು ದಡದಲ್ಲಿ. ಈ ಕಾಯುವ ದುಡ್ಡು ಯಾರು ಕೊಡಬೇಕು? ಅದಕ್ಕೇ ಬ್ಯಾಂಕು ಕೈಯಳತೆಯಲ್ಲಿ ಇರಬೇಕಿತ್ತು.

ಹೀಗಿರುವಾಗ ಎದುರಾಳಿ ಬಂದ. ನಾರಾಯಣಕುಡಿಯಲ್ಲಿ ಗಿಲ್ಮೋರ್, ಹಾಮ್‌ಫ್ರೇ ಕಂಪನಿ ಗಣಿ ನಡೆಸುತ್ತಿತ್ತು. ಘಾಟಿಗೆ ಜಗಳ, ಕೂಲಿಗೆ ಜಗಳ, ಜಮೀನಿಗೆ ಜಗಳ, ಕೋರ್ಟು ಕಚೇರಿ. ಬೆಲೆ ಇಳಿಸಿ ಇಳಿಸಿ ಇಬ್ಬರೂ ಸುಸ್ತಾದರು. ಕೊನೆಗೆ 1843ರಲ್ಲಿ ಎರಡೂ ಸೇರಿ ಬೆಂಗಾಲ್ ಕೋಲ್ ಕಂಪನಿ ಆಯಿತು, ಷೇರು ಬಂಡವಾಳದ ಕಂಪನಿ. ಮುಂದೆ ದಶಕಗಟ್ಟಲೆ ಭಾರತದ ಅತಿ ದೊಡ್ಡ ಕಲ್ಲಿದ್ದಲು ಕಂಪನಿ ಇದೇ. ಇದರ ಅಡಿಗಲ್ಲಿನಲ್ಲಿ ಠಾಕೂರರ ದುಡ್ಡಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ದಾಮೋದರದ ಕಾಟ ತಪ್ಪಬೇಕಾದರೆ ರೈಲು ಬೇಕು. ದ್ವಾರಕಾನಾಥರು ಅದನ್ನೂ ನೋಡಿದ್ದರು. ಕಲ್ಕತ್ತೆಯಿಂದ ಕಲ್ಲಿದ್ದಲಿನ ಸೀಮೆಗೆ ರೈಲು ಹಾಕಿದರೆ ಬೇಕಾದ ಬಂಡವಾಳದಲ್ಲಿ ಮೂರನೇ ಒಂದು ಪಾಲನ್ನು ತಾನೇ ಎತ್ತಿಕೊಡುತ್ತೇನೆ ಅಂದರು. ಮೂರನೇ ಒಂದು ಪಾಲು! ಅಂಜುಬುರುಕರ ಮಾತಾ ಇದು?

ಈಗ 1846. ಆಗಸ್ಟ್ 1ರಂದು ದ್ವಾರಕಾನಾಥರು ಲಂಡನ್ನಿನಲ್ಲಿ ತೀರಿಕೊಂಡರು. ಮರುವರ್ಷ ಲಂಡನ್ ಹಣದ ಪೇಟೆ ಕುಸಿಯಿತು. ಯೂನಿಯನ್ ಬ್ಯಾಂಕು ನೀಲಿ ಬೆಳೆಯ ವ್ಯಾಪಾರ ಮಾಡುವ ಸಂಸ್ಥೆಗಳಿಗೆ ಮಿತಿಮೀರಿ ಸಾಲ ಕೊಟ್ಟಿತ್ತು. ಸಾಲ ಪಡೆದವರಲ್ಲಿ ನಿರ್ದೇಶಕರೇ ಇದ್ದರು. ಇದು ದೊಡ್ಡ ತಪ್ಪು, ಮುಚ್ಚಿಡುವುದು ಬೇಡ. ಗಣಿ, ಗಿರಾಕಿ, ಬ್ಯಾಂಕು ಎಲ್ಲ ಒಂದೇ ಗುಂಪಿನ ಕೈಯಲ್ಲಿದ್ದರೆ ಏರುವಾಗ ಎಷ್ಟು ಚೆನ್ನವೋ ಬೀಳುವಾಗ ಅಷ್ಟೇ ಕೆಟ್ಟದ್ದು. 1848ರ ಜನವರಿಯಲ್ಲಿ ಬ್ಯಾಂಕು ಮುಳುಗಿತು. ಕಾರ್, ಟ್ಯಾಗೋರ್ ಕಂಪನಿಯೂ ಮುಳುಗಿತು.

ದಯವಿಟ್ಟು ಇದನ್ನು ಗಮನಿಸಿ, ನನ್ನ ಇಡೀ ವಾದ ನಿಂತಿರುವುದು ಇಲ್ಲಿ. ಆಗ ಭಾರತದಲ್ಲಿ ಸೀಮಿತ ಹೊಣೆಯ ಕಾನೂನು ಇರಲಿಲ್ಲ. ಅದು ಬಂದದ್ದು 1857ರಲ್ಲಿ, ಬ್ಯಾಂಕುಗಳಿಗೆ ಸಿಕ್ಕಿದ್ದು 1860ರಲ್ಲಿ. ಅಂದರೆ 1848ರಲ್ಲಿ ನೀವು ಸಾವಿರ ರೂಪಾಯಿಯ ಒಂದು ಷೇರು ಇಟ್ಟುಕೊಂಡಿದ್ದರೂ ಸಾಲ ಕೊಟ್ಟವರು ನಿಮ್ಮ ಮನೆ, ತೋಟ, ಒಡವೆವರೆಗೂ ಬರಬಹುದಿತ್ತು. ದ್ವಾರಕಾನಾಥರ ಮಗ ದೇವೇಂದ್ರನಾಥ ಠಾಕೂರರು ತಂದೆ ಟ್ರಸ್ಟಿನಲ್ಲಿ ಕಾಪಾಡಿಟ್ಟಿದ್ದ ಆಸ್ತಿಯನ್ನೂ ತಾವಾಗಿಯೇ ಸಾಲ ಕೊಟ್ಟವರ ಮುಂದಿಟ್ಟು, ವರ್ಷಗಟ್ಟಲೆ ಸಾಲ ತೀರಿಸಿದರು. ಕಲ್ಕತ್ತೆಯ ಸಾಹುಕಾರರ ಮನೆಮನೆಯಲ್ಲೂ ಇದನ್ನು ನೋಡಿದರು. ಅದಾದ ಮೇಲೆ ಅವರ ದುಡ್ಡು ಜಮೀನಿಗೆ, ಸರ್ಕಾರಿ ಸಾಲಪತ್ರಕ್ಕೆ ಹೋಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ದುಡ್ಡಿಗೆ ಏನು ಸಿಕ್ಕಿತು? 1849ರ ಒಪ್ಪಂದ. ಈಸ್ಟ್ ಇಂಡಿಯನ್ ರೈಲ್ವೆಯ ಮೊದಲ 10 ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5 ಬಡ್ಡಿಯ ಖಾತರಿ. ಜಮೀನು ಪುಕ್ಕಟೆ. ರೈಲಿಗೆ ಗಳಿಕೆ ಸಾಲದಿದ್ದರೆ ಉಳಿದದ್ದನ್ನು ಭಾರತದ ಕಂದಾಯದಿಂದ ತುಂಬಬೇಕು. ಯಾರ ಕಂದಾಯ? ರೈತನದು. 1855ರ ಫೆಬ್ರವರಿಯಲ್ಲಿ ಹೌರಾದಿಂದ ರಾಣಿಗಂಜ್‌ಗೆ ರೈಲು ಓಡಿತು. ಕಲ್ಲಿದ್ದಲು ವರ್ಷವಿಡೀ ಸಾಗತೊಡಗಿತು, ರೈಲೇ ದೊಡ್ಡ ಗಿರಾಕಿಯೂ ಆಯಿತು. ಒಬ್ಬರಿಗೆ ನಷ್ಟವಾದರೆ ಮನೆ ಹರಾಜು, ಇನ್ನೊಬ್ಬರಿಗೆ ನಷ್ಟವಾದರೂ ಐದು ಪರ್ಸೆಂಟ್. ಇವರಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಒಬ್ಬನನ್ನು ಧೀರ, ಇನ್ನೊಬ್ಬನನ್ನು ಹೇಡಿ ಅಂದರೆ ಅದು ನ್ಯಾಯವಾ?

ಇಲ್ಲೇ ಕೋಲಾರ ನೆನಪಾಗುತ್ತದೆ, ಅಲ್ವಾ? ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ನೀವೆಲ್ಲ ಓಡಾಡಿರುತ್ತೀರಿ. ಆ ಮೈಕಲ್ ಲ್ಯಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದು, ಸ್ವಂತ ದುಡ್ಡು ಸಾಲದೆ ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಮೈಸೂರು ಗಣಿ ಕಂಪನಿಗೆ ಇಂಗ್ಲೆಂಡಿನಲ್ಲಿ ಷೇರು ಎತ್ತಿದರು. ಕೆಲವೇ ವರ್ಷದಲ್ಲಿ ಹೆಚ್ಚಿನ ದುಡ್ಡು ಮಣ್ಣಿನ ಪಾಲಾಯಿತು, ಚಿನ್ನವಿಲ್ಲ. ಷೇರುದಾರರು ಬಾಗಿಲು ಹಾಕೋಣ ಅಂದರು. ಉಳಿದ ಚೂರುಪಾರು ದುಡ್ಡಲ್ಲಿ ಇನ್ನೊಂದು ಪ್ರಯತ್ನ ಮಾಡಿ ಅಂತ ಜಾನ್ ಟೇಲರ್ ಸಂಸ್ಥೆಯವರು ಒಪ್ಪಿಸಿದರು. ಆಮೇಲೆ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿದ್ದು, ಷೇರು ಬೆಲೆ ಹಾರಿದ್ದು ನಿಮಗೆ ಗೊತ್ತೇ ಇದೆ. ಆ ಕೊನೆಯ ಜೂಜು ಆಡೋಕೆ ಆದದ್ದು ಯಾಕೆ? ಕಳೆದುಕೊಂಡರೆ ಷೇರಿನ ದುಡ್ಡಷ್ಟೇ ಹೋಗುತ್ತಿತ್ತು. ಮನೆ ಹೋಗುತ್ತಿರಲಿಲ್ಲ. ಕಲ್ಕತ್ತೆಯವನಿಗೆ 1848ರಲ್ಲಿ ಈ ಒಂದು ಬೇಲಿ ಇದ್ದಿದ್ದರೆ!

ಚೀಟಿ ಬಂತು, ಹತ್ತು ನಿಮಿಷ ಅಂತ. ಮ್ಯಾನೇಜಿಂಗ್ ಏಜೆನ್ಸಿಯ ಬಗ್ಗೆ ಬಹಳ ಹೇಳಬೇಕೆಂದಿದ್ದೆ. ಚುಟುಕಾಗಿ ಹೇಳುತ್ತೇನೆ. ಷೇರು ಹತ್ತು ಜನರದು, ಆಡಳಿತ ಒಂದು ಯುರೋಪಿಯನ್ ಸಂಸ್ಥೆಯದು. ಅದಕ್ಕೆ ಮಾರಾಟದ ಮೇಲೋ ಉತ್ಪಾದನೆಯ ಮೇಲೋ ಕಮಿಷನ್. ಲಾಭ ಇರಲಿ ಬಿಡಲಿ ಕಮಿಷನ್ ಬರುತ್ತದೆ. ಕಲ್ಲಿದ್ದಲು ಕಂಪನಿಗಳಲ್ಲಿ ಹೆಚ್ಚಿನವು ಕಲ್ಕತ್ತೆಯಲ್ಲೇ ರೂಪಾಯಿಯಲ್ಲಿ ನೋಂದಾದವು, ಭಾರತೀಯರೂ ಷೇರು ಕೊಂಡರು. ದುಡ್ಡು ಕೊಡಬಹುದಿತ್ತು, ಹಿಡಿತ ಸಿಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಕಂಪನಿಗಳು ಬಂಡವಾಳದಲ್ಲಿ ಒಂದು ಪಾಲನ್ನು ಜಮೀನ್ದಾರಿ ಹಕ್ಕು ಕೊಳ್ಳೋಕೆ ಹಾಕಿದವು. ಉಳುವ ಜಮೀನಿನ ಒಡೆಯ ಕಂಪನಿಯಾದರೆ, ಉಳುವವನು ಗಣಿಗೆ ಇಳಿಯಲೇಬೇಕು. ಯಂತ್ರ ಕೊಳ್ಳುವ ಖರ್ಚು ಉಳಿಯಿತು. ಹೆಂಗಸರನ್ನು ಗಣಿಯೊಳಗೆ ಇಳಿಸಬಾರದು ಎಂಬ ನಿಯಮ ಬಂದದ್ದು 1929ರಲ್ಲಿ, ಅದೂ ಹಂತ ಹಂತವಾಗಿ. ಹೂಡಿಕೆಯ ಬಗ್ಗೆ ಮಾತಾಡುವಾಗ ಈ ಹೆಂಗಸರನ್ನು ಬಿಟ್ಟರೆ ನಮ್ಮ ಲೆಕ್ಕ ಸುಳ್ಳಾಗುತ್ತದೆ. ಡಿವಿಡೆಂಡಿನಲ್ಲಿ ದೊಡ್ಡ ಪಾಲು ಅವರ ತಲೆಯ ಮೇಲಿನ ಬುಟ್ಟಿಯಿಂದಲೇ ಬಂದದ್ದು.

ಕಡೆಯದಾಗಿ 1907. ಟಾಟಾ ಅವರ ಉಕ್ಕಿನ ಕಂಪನಿಗೆ ಮೊದಲು ಲಂಡನ್ನಿನಲ್ಲಿ ದುಡ್ಡು ಕೇಳಿದರು, ಆಗಲಿಲ್ಲ. ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಷೇರು ಬಿಟ್ಟರು. ಮೂರು ವಾರದಲ್ಲಿ ಸುಮಾರು 8,000 ಭಾರತೀಯರು 16,30,000 ಪೌಂಡ್ ಬಂಡವಾಳವನ್ನೂ ಪೂರ್ತಿ ತುಂಬಿದರು. ಸೀಮಿತ ಹೊಣೆ ಇತ್ತು, ಆಡಳಿತ ನಮ್ಮವರ ಕೈಯಲ್ಲಿತ್ತು, ಸ್ವದೇಶಿಯ ಬಿಸಿ ಇತ್ತು. ಸಾಕಾಯಿತು. ಬೆಳಿಗ್ಗೆ ಮಾತಾಡಿದ ಗೆಳೆಯರು ಇಲ್ಲೇ ಕೂತಿದ್ದಾರೆ. ಈ 8,000 ಜನರನ್ನು ಅವರು ಯಾವ ಕಡೆ ಸೇರಿಸುತ್ತಾರೆ ಅಂತ ಅವರ ಬಾಯಲ್ಲೇ ಕೇಳೋಣ. ಝರಿಯಾ ಎಂಬ ಇನ್ನೊಂದು ಕಲ್ಲಿದ್ದಲು ಸೀಮೆಯ ಭಾಗ ಬಿಟ್ಟಿದ್ದೇನೆ, 1894ರಲ್ಲಿ ಅಲ್ಲಿಗೆ ರೈಲು ಹೋದ ಮೇಲಿನ ಕಥೆ ಬೇಕಾದವರು ಪ್ರಶ್ನೆಯಲ್ಲಿ ಕೇಳಿ. ಮೈಕ್ ಅವರಿಗೆ ಕೊಡಿ.