ಇರುವೆ ಓಡಾಡುವುದಕ್ಕೂ ಬ್ಯಾಟರಿ ಬೇಕು

ನಮಸ್ಕಾರ. ಒಂದು ಹೊಲದಲ್ಲಿ ನೂರು ವೈರ್‌ಲೆಸ್ ಸೆನ್ಸರ್ ನೆಟ್ಟಿದ್ದೀರಿ ಅಂದುಕೊಳ್ಳಿ. ಒಂದೊಂದಕ್ಕೂ ಎರಡು ಪೆನ್‌ಸೆಲ್. ಮೊದಲು ಸಾಯುವುದು ಯಾವುದು ಹೇಳಿ? ಎಲ್ಲರ ಡೇಟಾ ಬಂದು ಸೇರುವ ಪೆಟ್ಟಿಗೆಯ, ಅಂದರೆ ಗೇಟ್‌ವೇ ಪಕ್ಕದಲ್ಲಿರುವುದು. ಹಿಂದಿರುವ ಎಲ್ಲರ ಡೇಟಾವನ್ನೂ ದಾಟಿಸಿ ದಾಟಿಸಿ ಅದು ಸುಸ್ತಾಗುತ್ತದೆ. ದೂರದವುಗಳ ಸೆಲ್ ಇನ್ನೂ ತುಂಬಿರುತ್ತದೆ, ಆದರೆ ಅವು ಹೇಳಿದ್ದನ್ನು ಮುಟ್ಟಿಸುವವರೇ ಇಲ್ಲ.

ಇಲ್ಲಿಗೆ ಇರುವೆ ಬರುತ್ತದೆ. ಇರುವೆಗಳನ್ನು ನೋಡಿ ಕಂಪ್ಯೂಟರ್‌ಗೆ ಒಳ್ಳೇ ದಾರಿ ಹುಡುಕಲು ಕಲಿಸುವ ಅಲ್ಗಾರಿದಮ್ (ಲೆಕ್ಕದ ವಿಧಾನ), ಸಂಶೋಧಕ ಮಾರ್ಕೊ ಡೊರಿಗೊ 1992ರಲ್ಲಿ ಮಿಲಾನ್‌ನಲ್ಲಿ ಪಿಎಚ್‌ಡಿಗೆ ಬರೆದ ಐಡಿಯಾ. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಡುತ್ತದೆ. ಜಾಸ್ತಿ ಓಡಾಡಿದ ದಾರಿಯ ವಾಸನೆ ಗಟ್ಟಿಯಾಗುತ್ತದೆ, ಬಿಟ್ಟ ದಾರಿಯದ್ದು ಆರಿಹೋಗುತ್ತದೆ. ಆ ಲೆಕ್ಕಕ್ಕೆ ಉಳಿದ ಬ್ಯಾಟರಿಯನ್ನೂ ಸೇರಿಸಿದರೆ, ಡೇಟಾವು ಸುಸ್ತಾದ ನೋಡ್ (ಅಂದರೆ ಸೆನ್ಸರ್) ಬಿಟ್ಟು ಬಳಸುದಾರಿ ಹಿಡಿಯುತ್ತದೆ. ಚೆಂದ ಅಲ್ವಾ?

ನನ್ನ ತಕರಾರು ಇರುವುದೂ ಇಲ್ಲೇ. ನೆಟ್‌ವರ್ಕ್‌ನಲ್ಲಿ ಇರುವೆ ಅಂದರೆ ಡೇಟಾದ ಒಂದು ಪುಟ್ಟ ಪ್ಯಾಕೆಟ್. ಅದು ದಾರಿ ಹುಡುಕಿ ಹೋಗಿ ಬರುವಾಗ ನಡುವಿನ ಪ್ರತಿ ನೋಡ್‌ನ ರೇಡಿಯೋ ಎದ್ದು ಕೂರಬೇಕು. ಸೆನ್ಸರ್‌ಗೆ ಲೆಕ್ಕ ಮಾಡುವುದು ಅಗ್ಗ, ಮಾತಾಡುವುದೇ ದುಬಾರಿ. ಬ್ಯಾಟರಿ ಉಳಿಸಲು ಕಳಿಸಿದ ಇರುವೆಯೇ ಬ್ಯಾಟರಿ ತಿಂದರೆ?

ಅದಕ್ಕೇ ನಾನು ಹಕ್ಕಿ ಹಿಂಡಿನ ಕಡೆ. 1995ರ ಪಾರ್ಟಿಕಲ್ ಸ್ವಾರ್ಮ್, ಹಕ್ಕಿ ಹಿಂಡು ನೋಡಿ ಮಾಡಿದ ಅಲ್ಗಾರಿದಮ್. ಅದನ್ನು ತಂದವರಲ್ಲಿ ಕೆನಡಿ ಮನಶ್ಶಾಸ್ತ್ರದವರು, ಎಬರ್‌ಹಾರ್ಟ್ ಎಂಜಿನಿಯರ್, ಒಳ್ಳೇ ಜೋಡಿ. ಸೆನ್ಸರ್ ಎಲ್ಲೆಲ್ಲಿ ನೆಡಬೇಕು ಅಂತ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಕರೆಂಟ್ ಬಿಲ್ ನಿಮ್ಮ ಮನೆಗೆ ಬರುತ್ತದೆ, ಸೆನ್ಸರ್ ಪಾಡಿಗೆ ಸೆನ್ಸರ್ ಇರುತ್ತದೆ.

ಹಾಗಂತ ಲ್ಯಾಪ್‌ಟಾಪ್ ಹೇಳಿದ್ದನ್ನೆಲ್ಲ ನಂಬಬೇಡಿ. 2002ರಲ್ಲಿ ಅಮೆರಿಕದ ಮೇನ್ ಕರಾವಳಿಯ ಗ್ರೇಟ್ ಡಕ್ ದ್ವೀಪದಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದವರು ಸ್ಟಾರ್ಮ್ ಪೆಟ್ರೆಲ್ ಹಕ್ಕಿಗಳ ಬಿಲಗಳಲ್ಲಿ ಸೆನ್ಸರ್ ಇಟ್ಟಿದ್ದರು. ಅಲ್ಲಿ ತೇವ ಅಳೆಯುವ ಸೆನ್ಸರ್ ಅಡ್ಡಾದಿಡ್ಡಿ ಅಂಕಿ ಕೊಡಲು ಶುರು ಮಾಡಿತು ಅಂದರೆ ಆ ನೋಡ್‌ನ ದಿನ ಎಣಿಸಬಹುದಿತ್ತು. ಡಬ್ಬಿಯೊಳಗೆ ನೀರು ಹೊಕ್ಕಿರುತ್ತಿತ್ತು! ಸಂಶೋಧನಾ ಪೇಪರ್‌ಗಳ ಸಿಮ್ಯುಲೇಷನ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲೇ ನಡೆಸುವ ಪರೀಕ್ಷೆಯಲ್ಲಿ, ಬರುವ ನೂರು ಮೀಟರ್ ಚೌಕದ ಹೊಲ ನೋಡಿ. ಮಳೆ ಇಲ್ಲ, ಮರ ಇಲ್ಲ, ಇಲಿ ಇಲ್ಲ.

ಆಮೇಲೆ 2014ರಲ್ಲಿ ತೋಳದ ಹೆಸರಿನ ಅಲ್ಗಾರಿದಮ್ ಬಂತು, 2016ರಲ್ಲಿ ತಿಮಿಂಗಿಲದ್ದು. ಬರಲಿ, ಬೇಡ ಅನ್ನುವುದಿಲ್ಲ. ಮುಂದಿನ ಪ್ರಾಣಿ ತರುವವರಿಗೆ ನನ್ನದೊಂದು ಕೋರಿಕೆ: ಸಿಮ್ಯುಲೇಷನ್ ನಡುವೆ ಕಾಲುಭಾಗ ನೋಡ್‌ಗಳನ್ನು ಸುಮ್ನೆ ಸಾಯಿಸಿ ನೋಡಿ. ಯಾವುದು ಸಾಯುತ್ತದೆ ಅಂತ ಅಲ್ಗಾರಿದಮ್‌ಗೆ ಮಾತ್ರ ಮೊದಲೇ ಹೇಳಬೇಡಿ.