ಪಿತ್ತಕೋಶದ ಗೋಡೆ ದಪ್ಪ ಇದೆಯಂತೆ!

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯಿಂದ ಮಂಗಳೂರಿಗೆ ಎಂಆರ್‌ಐ ಮಾಡಿಸಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಅಲ್ಟ್ರಾಸೌಂಡ್ ರಿಪೋರ್ಟ್ ಇರುತ್ತದೆ. ಪಿತ್ತಕೋಶದಲ್ಲಿ ಕಲ್ಲು, ಗೋಡೆ ದಪ್ಪ, ಗಡ್ಡೆಯೋ ಏನೋ ನೋಡಿ ಅಂತ ಅದರಲ್ಲಿ ಬರೆದಿರುತ್ತದೆ. ಅಷ್ಟು ಓದಿದ ಮೇಲೆ ಮನೆಯವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಗೋಡೆ 3 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಸ್ಕ್ಯಾನ್ ಓದುವ ನಾವು, ಅಂದರೆ ರೇಡಿಯಾಲಜಿಯವರು, ದಪ್ಪ ಅನ್ನುತ್ತೇವೆ. ಆದರೆ ಊಟ ಮಾಡಿ ಬಂದರೂ ದಪ್ಪ ಕಾಣುತ್ತದೆ. ಪಿತ್ತ ಖಾಲಿಯಾಗಿ ಚೀಲ ಮುದುಡಿರುತ್ತದಲ್ವಾ, ಅದಕ್ಕೆ. ಬರೀ ಹೊಟ್ಟೆಯಲ್ಲಿ ಬನ್ನಿ ಅಂತ ಸುಮ್ನೆ ಹೇಳುವುದಲ್ಲ. ಲಿವರ್ ಅಥವಾ ಹೃದಯ ಸೋತವರಲ್ಲೂ ಈ ಗೋಡೆ ಊದಿಕೊಳ್ಳುತ್ತದೆ. ಪಿತ್ತಕೋಶದ ಕ್ಯಾನ್ಸರ್ ಬಂದ ಹೆಚ್ಚಿನವರಲ್ಲಿ ಕಲ್ಲು ಇರುತ್ತದೆ, ನಿಜ. ಆದರೆ ಕಲ್ಲು ಇದ್ದವರಲ್ಲಿ ಕ್ಯಾನ್ಸರ್ ಬರುವುದು ತೀರಾ ಕೆಲವರಿಗೆ. ಗಂಗಾ ಬಯಲಿನಲ್ಲಿ ಈ ಕಾಯಿಲೆ ಜಾಸ್ತಿ, ನಮ್ಮ ದಕ್ಷಿಣದಲ್ಲಿ ಕಡಿಮೆ.

ಹಾಗಾದರೆ ಎಂಆರ್‌ಐಯಲ್ಲಿ ನಾವು ಹುಡುಕುವುದೇನು? ಮೊದಲು ನೋಡುವುದು ನೀರಿನ ಓಡಾಟ. ಇದಕ್ಕೆ ಡಿಫ್ಯೂಷನ್ ಅನ್ನುತ್ತಾರೆ. ಕುಂಬಳೆ ದೇವಸ್ಥಾನದ ಜಾತ್ರೆಯಲ್ಲಿ ಬೆಡಿ (ಸಿಡಿಮದ್ದು) ಸುಡುವ ರಾತ್ರಿ ಜನರ ನಡುವೆ ಸಿಕ್ಕಿಹಾಕಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾನ್ಸರ್‌ನಲ್ಲಿ ಜೀವಕೋಶಗಳು ಹಾಗೇ ಒತ್ತೊತ್ತಾಗಿರುತ್ತವೆ, ನಡುವಿನ ನೀರಿಗೆ ಅಲ್ಲಾಡಲು ಜಾಗವಿಲ್ಲ. ಆ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದೇ ಜಾಗ ಎಡಿಸಿ ಎಂಬ ಜೊತೆ ಚಿತ್ರದಲ್ಲಿ ಕಪ್ಪಾಗಿದ್ದರೆ ನಮಗೆ ಅನುಮಾನ ಬರುತ್ತದೆ.

ಆಮೇಲೆ ಗೋಡೆಯ ಒಳಗನ್ನು ನೋಡುತ್ತೇವೆ. ಅಡಿನೋಮಯೋಮಟೋಸಿಸ್ ಎಂಬ, ಕ್ಯಾನ್ಸರ್ ಅಲ್ಲದ ಸಾಧು ಕಾಯಿಲೆಯಲ್ಲಿ ದಪ್ಪ ಗೋಡೆಯೊಳಗೆ ಸಣ್ಣ ಸಣ್ಣ ನೀರಗುಳ್ಳೆಗಳು ಸಾಲಾಗಿ ಮಿನುಗುತ್ತವೆ. ರೇಡಿಯಾಲಜಿಯಲ್ಲಿ ಅದಕ್ಕೆ ಮುತ್ತಿನ ಹಾರ ಎಂದೇ ಹೆಸರು. ಅದು ಕಂಡರೆ ಓದುವ ನಮಗೂ ಜೀವ ಬಂದ ಹಾಗೆ. ಒಳಪದರದ ಗೆರೆ ಎಲ್ಲೂ ತುಂಡಾಗದೆ ಇದ್ದರೆ ಅದೂ ಒಳ್ಳೆಯ ಲಕ್ಷಣ. ಒಂದೇ ಕಡೆ ಒರಟಾಗಿ ಉಬ್ಬಿ, ಗೆರೆ ಹರಿದು, ಪಕ್ಕದ ಲಿವರ್‌ಗೆ ಕೈ ಚಾಚಿದ್ದರೆ ಚಿಂತೆ. ಪಿತ್ತಕೋಶ ಲಿವರ್‌ಗೆ ಅಂಟಿಕೊಂಡೇ ಇರುತ್ತದೆ, ಗೋಡೆಯೂ ತೆಳು. ಹಾಗಾಗಿ ಕ್ಯಾನ್ಸರ್ ಬೇಗ ದಾಟಿಬಿಡುತ್ತದೆ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಎಕ್ಸ್‌ಜಿಸಿ (ಕ್ಸಾಂಥೋಗ್ರಾನುಲೋಮಾಟಸ್ ಕೊಲೆಸಿಸ್ಟೈಟಿಸ್) ಅಂತ ಪಿತ್ತಕೋಶಕ್ಕೆ ಬರುವ, ಬಹಳ ದಿನ ಎಳೆಯುವ ಒಂದು ಉರಿಯೂತ ಇದೆ. ಅದು ಕ್ಯಾನ್ಸರ್ ಅಲ್ಲ. ಆದರೆ ಗೋಡೆ ದಪ್ಪ ಮಾಡುತ್ತದೆ, ಲಿವರ್‌ಗೂ ನುಗ್ಗುತ್ತದೆ, ಡಿಫ್ಯೂಷನ್‌ನಲ್ಲೂ ಹೊಳೆಯಬಹುದು. ಸಾಲದ್ದಕ್ಕೆ ಕೆಲವರಲ್ಲಿ ಎರಡೂ ಜೊತೆಗೇ ಇರುತ್ತವೆ. ಇಲ್ಲಿ ಎಂಆರ್‌ಐ ಖಡಾಖಂಡಿತ ಹೇಳುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ‘ಹಾಗಾದರೆ ಸೂಜಿ ಚುಚ್ಚಿ ನೋಡಬಾರದಾ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಆಪರೇಷನ್ ಮಾಡಿ ತೆಗೆಯಬಹುದಾದ ಗಡ್ಡೆಯನ್ನು ಸಾಮಾನ್ಯವಾಗಿ ಚುಚ್ಚುವುದಿಲ್ಲ. ಕ್ಯಾನ್ಸರ್ ಆಗಿದ್ದರೆ ಸೂಜಿಯ ದಾರಿಯಲ್ಲೇ ಹರಡುವ ಭಯ.

ಕೊನೆಯ ಮಾತು ಹೇಳುವುದು ಪೆಥಾಲಜಿಯವರು, ಅಂದರೆ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು. ಬರೀ ಕಲ್ಲು ಅಂತ ತೆಗೆದ ಪಿತ್ತಕೋಶದಲ್ಲೂ ಕೆಲವೊಮ್ಮೆ ಕ್ಯಾನ್ಸರ್ ಸಿಗುತ್ತದೆ. ಅದಕ್ಕೇ ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ. ರಿಪೋರ್ಟ್ ಬರಲು ಕೆಲವು ದಿನ ಬೇಕು. ಅಷ್ಟರಲ್ಲಿ ನಮ್ಮವರು ಡಿಸ್ಚಾರ್ಜ್ ಆಗಿ ಗಡಿಯ ತಲಪಾಡಿ ದಾಟಿ ಮನೆ ಸೇರಿರುತ್ತಾರೆ. ನೋವು ಹೋಯಿತಲ್ಲ, ಇನ್ನೇನು ಅಂತ ಸುಮ್ಮನಾಗುತ್ತಾರೆ. ಆ ರಿಪೋರ್ಟ್ ಬಂತಾ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಯಾರನ್ನಾದರೂ ಕಳಿಸಿಯಾದರೂ ತರಿಸಿಕೊಳ್ಳಿ. ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ.